ಎರಡು ರೂಟರಿನ ಮನೆ

ನಮ್ಮ ಮನೆಗೆ ಹೊಸ ರೂಟರ್ ಬಂದದ್ದು ಒಂದು ಭಾನುವಾರ. ಎರಡು ಸಾವಿರದ ಏಳನೇ ಇಸವಿಯ ಮಳೆಗಾಲ ಮುಗಿಯುತ್ತ ಬಂದಿತ್ತು. ಪಿರಿಯಾಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಬೆಂಕಿ ಹಾಕಿದ್ದರು. ಗಾಳಿ ತಿರುಗಿದಾಗಲೆಲ್ಲ ಸೊಪ್ಪು ಬೇಯುವ ವಾಸನೆ ಪೇಟೆಯೊಳಗಿನ ನಮ್ಮ ಮನೆಯವರೆಗೂ ಬರುತ್ತಿತ್ತು.

ನಾನು ಆಗ ಅಲ್ಲಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿದ್ದವರು ಮೂವರೇ: ನಾನು, ಹುಣಸೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಪಾಠ ಮಾಡುತ್ತಿದ್ದ ನನ್ನ ಹೆಂಡತಿ, ಮತ್ತು ನನಗಿಂತ ಆರು ವರ್ಷ ದೊಡ್ಡವಳಾದ ನನ್ನ ಅಕ್ಕ.

ಅಕ್ಕನಿಗೆ ಎರಡನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಎರಡೂ ಕಾಲುಗಳ ಬಲ ಹೋಗಿತ್ತು. ಹಳ್ಳಿಯಲ್ಲಿದ್ದಾಗ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು, ಆಮೇಲೆ ಹೊಲಕ್ಕೆ ಹೋಗುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಟೈಪಿಂಗ್ ಕಲಿತಳು. ಊರಿಗೆ ಬಂದು ಅರ್ಜಿ, ಕರಾರುಪತ್ರಗಳನ್ನು ಟೈಪ್ ಮಾಡಿಕೊಡತೊಡಗಿದಳು. ಕಂಪ್ಯೂಟರ್ ಬಂದ ಮೇಲೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿಯ ಕಾರ್ಡು ಎಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ಅವಳು ಜೋಡಿಸಿದ ಪುಟವನ್ನು ಹತ್ತಿರದ ಕೊಪ್ಪದ ಪ್ರೆಸ್ಸಿನವರು ತಿದ್ದದೆ ಹಾಗೇ ಅಚ್ಚಿಗೆ ಹಾಕುತ್ತಿದ್ದರು. ಅದು ಅವಳಿಗೆ ದೊಡ್ಡ ಹೆಮ್ಮೆ.

ಅವಳ ಲ್ಯಾಪ್‌ಟಾಪ್ ಯಾರೋ ಬಳಸಿ ಬಿಟ್ಟದ್ದು, ಇಟ್ಟಿಗೆಯಷ್ಟು ಭಾರ. ಅದರಲ್ಲಿದ್ದ ಕನ್ನಡ ಟೈಪಿಂಗಿನ ತಂತ್ರಾಂಶ ಹಳೇ ಕಾಲದ್ದು. ಹೊಸ ಕಂಪ್ಯೂಟರುಗಳಲ್ಲಿ ಅದು ತೆರೆದುಕೊಳ್ಳುತ್ತಲೇ ಇರಲಿಲ್ಲ. ಅದರ ಕೀಲಿಮಣೆಯ ಮೇಲೆ ಅಕ್ಕನ ಬೆರಳು ಓಡುವುದನ್ನು ನೋಡಿದರೆ ಯಾರೋ ಹೂ ಕಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು.

ಮನೆಗೆ ಇಂಟರ್‌ನೆಟ್ ಬಂದಾಗ ಮೊದಲು ವೈರಿನಲ್ಲೇ ಬಂದದ್ದು. ಫೋನ್ ಇದ್ದ ಹಜಾರದಿಂದ ಅಕ್ಕನ ಕೋಣೆಯವರೆಗೆ ನೆಲದ ಮೇಲೆ ನೀಲಿ ವೈರ್ ಎಳೆದಿದ್ದೆ. ಎರಡು ತಿಂಗಳಾಗಿರಲಿಲ್ಲ, ಆ ವೈರ್ ಅವಳ ಗಾಲಿಕುರ್ಚಿಯ ಚಕ್ರಕ್ಕೆ ಸುತ್ತಿಕೊಂಡು ಕುರ್ಚಿ ಮಗುಚಿಬಿತ್ತು. ಅಕ್ಕನ ಮಣಿಕಟ್ಟು ಮುರಿಯಿತು. ಲ್ಯಾಪ್‌ಟಾಪಿನಲ್ಲಿ ವೈರ್ ಸಿಕ್ಕಿಸುವ ಜಾಗವೂ ಕಿತ್ತುಹೋಯಿತು. ಬೆರಳಿನಿಂದಲೇ ಬದುಕುವವಳು ಒಂದೂವರೆ ತಿಂಗಳು ಕೈಗೆ ಪಟ್ಟಿ ಹಾಕಿಕೊಂಡು ಸುಮ್ಮನೆ ಕೂತಳು. ನಾನು ಮೈಸೂರಿಗೆ ಹೋಗಿ ಒಂದು ವೈರ್‌ಲೆಸ್ ರೂಟರನ್ನೂ, ಲ್ಯಾಪ್‌ಟಾಪಿನ ಪಕ್ಕಕ್ಕೆ ತುರುಕುವ ಒಂದು ಕಾರ್ಡನ್ನೂ ತಂದೆ. ಎರಡೂ ಆಗಲೇ ಹಳೆಯ ಮಾಲು. ಆದರೆ ಕೆಲಸ ಮಾಡಿದವು. ಅಕ್ಕ ತನ್ನ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ಹಿತ್ತಲ ಸೀಬೆಮರದ ಕೆಳಗೆ, ಎಲ್ಲಿ ಬೇಕೋ ಅಲ್ಲಿ ಕುರ್ಚಿ ತಳ್ಳಿಕೊಂಡು ಹೋಗಿ ಕೂತು ಕೆಲಸ ಮಾಡತೊಡಗಿದಳು.

ಹಾಗೆ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ನನ್ನ ಹೆಂಡತಿ ಹೊಸ ಲ್ಯಾಪ್‌ಟಾಪ್ ಕೊಂಡಳು. ದೂರಶಿಕ್ಷಣದಲ್ಲಿ ಇನ್ನೊಂದು ಪದವಿಗೆ ಕಟ್ಟಿದ್ದ ಅವಳು ದೊಡ್ಡ ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳಬೇಕಿತ್ತು. ಹಳೆಯ ರೂಟರ್ ದಿನಕ್ಕೆ ನಾಲ್ಕು ಸಲ ನಿಂತುಹೋಗುತ್ತಿತ್ತು. ಆರಿಸಿ ಹಾಕುವುದು, ಆರಿಸಿ ಹಾಕುವುದು. ಸಾಕಾಗಿ ಹೊಸದನ್ನು ತಂದೆ.

ಆ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹಜಾರದ ಗೂಡಿನಲ್ಲಿದ್ದ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಜೊತೆಗಿದ್ದ ಪುಸ್ತಕ ಓದಿ, ಇದ್ದುದರಲ್ಲಿ ಎಲ್ಲಕ್ಕಿಂತ ಭದ್ರವಾದ ಬಗೆಯ ಪಾಸ್‌ವರ್ಡ್ ಹಾಕಿದೆ. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಫೈಲುಗಳು ಸರಸರನೆ ಇಳಿಯತೊಡಗಿದವು. ಅವಳು ಅಡುಗೆಮನೆಯಿಂದಲೇ, "ಪರವಾಗಿಲ್ಲ ಕಣ್ರೀ, ದುಡ್ಡು ಕೊಟ್ಟಿದ್ದು ಸಾರ್ಥಕ" ಅಂದಳು. ನಾನು ಬೀಗಿದೆ.

ಸ್ವಲ್ಪ ಹೊತ್ತಿಗೆ ಅಕ್ಕ ಕುರ್ಚಿ ತಳ್ಳಿಕೊಂಡು ಬಂದಳು. ಲ್ಯಾಪ್‌ಟಾಪ್ ತೊಡೆಯ ಮೇಲಿತ್ತು.

"ಏನ್ಲಾ, ಇದ್ರಲ್ಲಿ ರೂಟ್ರು ಎಸ್ರು ತೋರಿಸ್ತದೆ, ಒಳಕ್ಕೆ ಮಾತ್ರ ಬುಡ್ತಾನೇ ಇಲ್ವಲ್ಲ."

ಪಾಸ್‌ವರ್ಡ್ ನಾನೇ ಬರೆದುಕೊಟ್ಟೆ. ಆಗಲಿಲ್ಲ. ಕಾರ್ಡ್ ತೆಗೆದು ಹಾಕಿದೆ. ಆಗಲಿಲ್ಲ. ಒಂದು ಗಂಟೆ ಒದ್ದಾಡಿದ ಮೇಲೆ ಮೈಸೂರಿನ ಅಂಗಡಿಯವನಿಗೆ ನನ್ನ ಮೊಬೈಲಿನಿಂದ ಫೋನ್ ಮಾಡಿದೆ.

"ಸಾರ್, ಆ ಕಾರ್ಡು ಬಂದ ಕಾಲಕ್ಕೆ ಈ ತರ ಸೆಕ್ಯೂರಿಟಿ ಇರ್ನೇ ಇಲ್ಲ. ಅದಕ್ಕೆ ಹಳೇ ಬೀಗ ಮಾತ್ರ ಗೊತ್ತು. ಹೊಸ ರೂಟರಿಗೇ ಆ ಬೀಗ ಹಾಕಿದ್ರೆ ಯಾರು ಬೇಕಾದ್ರೂ ಒಡೀತಾರೆ. ಹೊಸ ಕಾರ್ಡ್ ಕೊಡಾಣ ಅಂದ್ರೆ ಅದು ನಿಮ್ಮ ಹಳೇ ಸಿಸ್ಟಮಲ್ಲಿ ಓಡಲ್ಲ. ಆ ಲ್ಯಾಪ್‌ಟಾಪ್ನೇ ಬದಲಾಯಿಸ್ಬುಡಿ ಸಾರ್" ಅಂದ.

"ಹೊಸದು ತಗೊಳ್ಳೋಣ ಕಣಕ್ಕ" ಅಂದೆ.

"ಇದ್ರಲ್ಲಿರೋ ಕನ್ನಡ ಅದ್ರಲ್ಲಿ ಬತ್ತದಾ?"

"ಬೇರೆ ತರದ್ದು ಬರ್ತದೆ. ಕಲ್ತ್ಕೋಬೇಕು."

ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದಳು. ಬರುವ ಭಾನುವಾರ ನಿಧಾನವಾಗಿ ನೋಡಿದರಾಯಿತು ಅಂದುಕೊಂಡೆ. ಹೇಗೂ ಅವಳ ಲಗ್ನಪತ್ರಿಕೆಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಪ್ರೆಸ್ಸಿಗೆ ನಾನೇ ಕೊಡಬಹುದಿತ್ತು. ಹಾಗೆಯೇ ಕೊಟ್ಟೆ ಕೂಡ. ಅವಳ ಕೆಲಸ ಏನೂ ನಿಂತಿಲ್ಲ ಅಂತ ನನ್ನ ಮನಸ್ಸಿಗೆ ಸಮಾಧಾನ.

ಮಂಗಳವಾರ ಸಂಜೆ ಹೆಂಡತಿ ಕಾಲೇಜಿನಿಂದ ಬಂದ ಮೇಲೆ ಅಕ್ಕ ನನ್ನನ್ನು ಕರೆದು, "ಅವ್ಳ ಕಂಪ್ಯೂಟ್ರು ಒಂದೈದು ನಿಮಿಷ ಇಸ್ಕೊಡ್ತೀಯೇನೋ" ಅಂದಳು. ಹೆಂಡತಿ ಮಾರನೆಯ ದಿನ ಕಳಿಸಬೇಕಾದ ಯಾವುದೋ ಬರಹದಲ್ಲಿ ಮುಳುಗಿದ್ದಳು. "ನಾಳೆ ಕೊಡಿಸ್ತೀನಿ ತಡಿಯಕ್ಕ" ಅಂದೆ. ಮಾರನೆಯ ದಿನ ಮರೆತೆ. ಅವಳು ಮತ್ತೆ ಕೇಳಲಿಲ್ಲ. ಅಕ್ಕ ಯಾವತ್ತೂ ಒಂದು ಮಾತನ್ನು ಎರಡು ಸಲ ಕೇಳಿದವಳಲ್ಲ. ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕಾದವರು ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಅಂತ ಚಿಕ್ಕಂದಿನಿಂದಲೇ ಆರಿಸಿಕೊಂಡಿರುತ್ತಾರೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಶನಿವಾರ ಬೆಳಗಿನ ಸ್ಕೂಲು. ಹನ್ನೆರಡು ಗಂಟೆ ಹೊತ್ತಿಗೆ ಸ್ಕೂಟರಿನಲ್ಲಿ ಮನೆಯ ಬೀದಿಗೆ ತಿರುಗಿದಾಗ ನಮ್ಮ ಗೇಟಿನ ಮುಂದೆ ಒಬ್ಬ ಹೆಂಗಸು ನಿಂತಿರುವುದು ಕಾಣಿಸಿತು. ನಲವತ್ತು ದಾಟಿರಬಹುದು. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಛತ್ರಿ. ಛತ್ರಿಯ ಹಿಡಿಯಿಂದ ಗೇಟನ್ನು ಬಡಿಯುತ್ತ ಅಕ್ಕನ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಒಳಗಿನಿಂದ ಅಕ್ಕ "ಬಂದೇ, ಬಂದೇ ಕಣಮ್ಮಾ" ಅಂತ ಕೂಗುತ್ತಿದ್ದುದು ನನಗೆ ಬೀದಿಯಲ್ಲೇ ಕೇಳಿಸುತ್ತಿತ್ತು. ಆ ಹೆಂಗಸು ಮಾತ್ರ ಅದು ಕೇಳಿಸದವರ ಹಾಗೆ ಇನ್ನೂ ಜೋರಾಗಿ ಗೇಟು ಬಡಿದರು.

ನಾನು ಸ್ಕೂಟರ್ ನಿಲ್ಲಿಸಿದೆ. ಅವರು ನನ್ನ ಮುಖ ನೋಡಿ, ಅಕ್ಕನ ಚಹರೆ ಗುರುತಿಸಿದರೋ ಏನೋ, ಹತ್ತಿರ ಬಂದು ತೋಳು ಹಿಡಿದುಕೊಂಡರು.

"ಅವ್ಳು ಅವ್ಳಾ?"

ಇದ್ದಾಳೆಯೇ ಅಂತ ಅವರು ಕೇಳಿದ್ದು. ಮನೆಯಲ್ಲಿದ್ದಾಳೆಯೇ ಎಂಬ ಅರ್ಥದಲ್ಲಿ ಅಲ್ಲ. ಅದು ಅವರ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

"ಅಯ್ಯೋ, ಇದ್ದಾಳೆ, ಚೆನ್ನಾಗಿದ್ದಾಳೆ" ಅಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದ ಮೇಲೆ ತೋಳು ಬಿಟ್ಟು, ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಅಕ್ಕ ಬಾಗಿಲು ತೆಗೆದು ಹೊರಗೆ ಬಂದಳು. ಕೂತಿದ್ದವರನ್ನು ನೋಡಿ ಅವಳ ಕೈ ಚಕ್ರದ ಮೇಲೇ ನಿಂತುಹೋಯಿತು. ಬಂದವರು ಎದ್ದು ಹೋಗಿ ಅವಳ ಬೆನ್ನಿಗೆ ಒಂದು ಗುದ್ದು ಹಾಕಿ, "ಸತ್ತೋದೆ ಅನ್ಕೊಂಡೆ ಕಣೇ ನಿನ್ನ, ಪಾಪಿ!" ಅಂದು ಅಲ್ಲೇ ಅತ್ತುಬಿಟ್ಟರು.

ಅವರು ಯಾರೆಂದು ನನಗೆ ಗೊತ್ತಾದದ್ದು ಊಟಕ್ಕೆ ಕೂತಾಗ. ಮೈಸೂರಿನ ಹಾಸ್ಟೆಲಿನಲ್ಲಿ ಅಕ್ಕನ ಕೋಣೆಯಲ್ಲೇ ಇದ್ದವರು, ಎಚ್.ಡಿ. ಕೋಟೆಯವರು. ಸಣ್ಣ ಪ್ರಾಯದಿಂದಲೇ ಅವರ ಕಿವಿ ಸ್ವಲ್ಪ ಮಂದ. ಮೂವತ್ತು ದಾಟಿದ ಮೇಲೆ ಪೂರ್ತಿ ಹೋಗಿತ್ತು. ಕೋಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಮೊದಲು ಜೆರಾಕ್ಸ್ ಅಂಗಡಿ ಇಟ್ಟು, ಆಮೇಲೆ ಅದನ್ನೇ ನಾಲ್ಕು ಕಂಪ್ಯೂಟರಿನ ಸೈಬರ್ ಸೆಂಟರ್ ಮಾಡಿಕೊಂಡಿದ್ದರು. ಬಂದವರು ತಮಗೆ ಬೇಕಾದದ್ದನ್ನು ಬರೆದು ತೋರಿಸಲಿ ಅಂತ ಮೇಜಿಗೆ ಒಂದು ಸ್ಲೇಟು ಕಟ್ಟಿಟ್ಟಿದ್ದರಂತೆ.

ಎರಡು ವರ್ಷದಿಂದ ಅವರೂ ಅಕ್ಕನೂ ದಿನಾ ಮಧ್ಯಾಹ್ನ ಮೂರು ಗಂಟೆಗೆ ಕಂಪ್ಯೂಟರಿನಲ್ಲಿ ಮಾತಾಡುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡು ಮುಕ್ಕಾಲು ಗಂಟೆ, ಒಂದು ಗಂಟೆ. ನಾನೂ ಹೆಂಡತಿಯೂ ಮನೆಯಲ್ಲಿ ಇಲ್ಲದ ಹೊತ್ತು ಅದು; ರಜೆಯ ದಿನವಾದರೆ ನಾನು ಊಟ ಮಾಡಿ ಮಲಗಿರುವ ಹೊತ್ತು. ಅಕ್ಕ ಇಂಟರ್‌ನೆಟ್‌ನಲ್ಲಿ ಏನು ಮಾಡುತ್ತಾಳೆ ಅಂತ ನಾನು ಕೇಳಿಯೇ ಇರಲಿಲ್ಲ. ಪ್ರೆಸ್ಸಿಗೆ ಫೈಲ್ ಕಳಿಸುತ್ತಾಳೆ, ಅಷ್ಟೇ ಅಂದುಕೊಂಡಿದ್ದೆ.

"ಭಾನ್ವಾರದಿಂದ ಇವ್ಳು ಬರ್ನೇ ಇಲ್ಲ" ಅಂದರು ಅವರು. ತಮ್ಮ ದನಿ ತಮಗೇ ಕೇಳಿಸದ್ದರಿಂದ ಮಾತು ಜೋರಾಗಿ, ಒಂದೇ ಮಟ್ಟದಲ್ಲಿ ಬರುತ್ತಿತ್ತು. "ಒಂದಿನ ಆಯ್ತು, ಎರಡು ದಿನ ಆಯ್ತು. ಪಕ್ಕದಂಗ್ಡಿಯವ್ರ ಕೈಲಿ ನಿಮ್ಮನೆಗೆ ಮೂರು ಸಲ ಫೋನ್ ಮಾಡಿಸ್ದೆ. ರಿಂಗ್ ಆಯ್ತದೆ, ಯಾರೂ ಎತ್ತಕಿಲ್ಲ ಅಂದ್ರು. ಏನ್ ಮಾಡ್ಲಪ್ಪಾ ತಮ್ಮ ನಾನು? ಬೆಳಿಗ್ಗೆ ಎದ್ದವ್ಳೇ ಅಂಗ್ಡಿ ಬಾಗ್ಲಾಕಿ ಬಸ್ ಅತ್ತಿದ್ದೇ."

ಕೋಟೆಯಿಂದ ಹುಣಸೂರು, ಹುಣಸೂರಿನಲ್ಲಿ ಇಳಿದು ಇನ್ನೊಂದು ಬಸ್ಸು. ಯಾವ ಬಸ್ ಎಲ್ಲಿಗೆ ಅಂತ ಕಂಡಕ್ಟರ್ ಕೂಗುವುದು ಕೇಳಿಸದ ಹೆಂಗಸು, ಬೋರ್ಡ್ ಓದಿಕೊಂಡು, ಚೀಟಿಯಲ್ಲಿ ಬರೆದು ತೋರಿಸಿಕೊಂಡು ಬಂದಿದ್ದರು.

ನಾನು ಎದ್ದು ಹೋಗಿ ಹಜಾರದ ಫೋನ್ ಎತ್ತಿ ಕಿವಿಗಿಟ್ಟೆ. ಸತ್ತುಬಿದ್ದಿತ್ತು. ರೂಟರ್ ಬದಲಾಯಿಸುವಾಗ ಲೈನನ್ನು ಎರಡಾಗಿ ಸೀಳುವ ಪುಟ್ಟ ಡಬ್ಬಿಯಲ್ಲಿ ಫೋನಿನ ವೈರನ್ನು ಸಿಕ್ಕಿಸುವುದನ್ನೇ ಮರೆತಿದ್ದೆ. ಆರು ದಿನದಿಂದ ಮನೆಯ ಫೋನ್ ಕೆಟ್ಟಿತ್ತು. ಮೊಬೈಲ್ ನನ್ನ ಜೇಬಿನಲ್ಲಿದ್ದದ್ದರಿಂದ ನನಗೆ ಅದು ತಿಳಿದಿರಲಿಲ್ಲ. ಮನೆಗಿದ್ದದ್ದು ಅದೊಂದೇ ಮೊಬೈಲ್. ಅದರ ನಂಬರ್ ಕೋಟೆಯವರಿಗೆ ಗೊತ್ತಿರಲಿಲ್ಲ.

ವೈರ್ ಸಿಕ್ಕಿಸಿ ಬಂದು ಅಕ್ಕನ ಪಕ್ಕ ನಿಂತೆ.

"ನನಗ್ಯಾಕೆ ಹೇಳ್ಲಿಲ್ಲಕ್ಕ?"

"ಐದು ನಿಮಿಷ ಇಸ್ಕೊಡು ಅಂದ್ನಲ್ಲೋ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆ ಮುರಿಯುತ್ತಲೇ ಹೇಳಿದಳು. "ಬುಡು ಅತ್ಲಾಗೆ. ಅದಕ್ಕೇ ತಾನೇ ಇವ್ಳು ಬಂದಿದ್ದು. ಇಪ್ಪತ್ತು ವರ್ಷ ಆಗಿತ್ತು ಮೊಕ ನೋಡಿ."

ಬೈದಿದ್ದರೆ ಚೆನ್ನಾಗಿತ್ತು.

ಊಟವಾದ ಮೇಲೆ ಕೋಟೆಯವರೇ ಗೂಡಿನ ಮುಂದೆ ಹೋಗಿ ನಿಂತು ಹೊಸ ರೂಟರನ್ನು ತಿರುಗಿಸಿ ನೋಡಿದರು. ಅಕ್ಕನ ಲ್ಯಾಪ್‌ಟಾಪಿನ ಕಾರ್ಡನ್ನು ಎಳೆದು ಅದರ ಬೆನ್ನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಹಳೇದೆಲ್ಲಿ?" ಅಂದರು.

ಹಳೆಯದನ್ನು ನಾನು ಸ್ಕೂಲಿಗೆ ಕೊಂಡೊಯ್ದಿದ್ದೆ. ಒಂಬತ್ತನೇ ಕ್ಲಾಸಿನವರಿಗೆ ತೋರಿಸಲು ಬಿಚ್ಚಿ, ಲ್ಯಾಬಿನ ಬೀರುವಿನಲ್ಲಿಟ್ಟಿದ್ದೆ. ಚೀಟಿಯಲ್ಲಿ ಅಷ್ಟನ್ನು ಬರೆದು ತೋರಿಸಿದಾಗ ಅವರು ಹಣೆ ಚಚ್ಚಿಕೊಂಡರು.

"ಓಗಿ ತತ್ತಾ ಓಗು ತಮ್ಮ. ಹೊಸದು ಬಂತು ಅಂತ ಹಳೇದ್ನ ಕೊಯ್ಯದಾ?"

ಸ್ಕೂಲಿಗೆ ಹೋಗಿ ತಂದೆ. ಮೇಲಿನ ಮುಚ್ಚಳ, ಒಳಗಿನ ಹಸಿರು ಹಲಗೆ, ಆಂಟೆನಾ ಎಲ್ಲ ಬೇರೆಬೇರೆಯಾಗಿದ್ದವು. ನಾಲ್ಕು ಸ್ಕ್ರೂಗಳಲ್ಲಿ ಎರಡು ಸಿಗಲಿಲ್ಲ. ಅಕ್ಕ ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡು ಜೋಡಿಸಿ, ಸ್ಕ್ರೂ ಇಲ್ಲದ ಕಡೆ ಹೂ ಕಟ್ಟುವ ದಾರ ಸುತ್ತಿ ಬಿಗಿದಳು. ಕರೆಂಟ್ ಕೊಟ್ಟಾಗ ಹಸಿರು ದೀಪ ಹತ್ತಿತು. ಮೂವರೂ ಒಂದೇ ಸಲ "ಹಾಂ" ಅಂದೆವು.

ಕೋಟೆಯವರ ಲೆಕ್ಕಾಚಾರ ಹೀಗಿತ್ತು: ಹೊಸ ರೂಟರ್ ಹೊಸ ಲ್ಯಾಪ್‌ಟಾಪಿಗೆ ಇರಲಿ. ಅದರಿಂದ ಒಂದು ಗೇಣುದ್ದದ ವೈರನ್ನು ಪಕ್ಕದಲ್ಲೇ ಇಡುವ ಹಳೆಯ ರೂಟರಿಗೆ ಕೊಟ್ಟು, ಅದರ ಹೆಸರನ್ನು ಬೇರೆ ಮಾಡಿ, ಅಕ್ಕನ ಲ್ಯಾಪ್‌ಟಾಪಿಗೆ ಅದನ್ನು ಬಿಡುವುದು. ಅವರ ಸೆಂಟರಿನಲ್ಲಿ ಎರಡು ಹಳೆಯ, ಎರಡು ಹೊಸ ಕಂಪ್ಯೂಟರುಗಳು ಹಾಗೇ ಓಡುತ್ತಿದ್ದವಂತೆ.

ನಾನು ಅವಸರದಲ್ಲಿ ವೈರ್ ಹಾಕಿದೆ. ಆದದ್ದೇ ಬೇರೆ. ಅಕ್ಕನ ಲ್ಯಾಪ್‌ಟಾಪ್ ಒಳಗೆ ಹೋಯಿತು, ಇಂಟರ್‌ನೆಟ್ ಮಾತ್ರ ಇಲ್ಲ. ಅಷ್ಟರಲ್ಲಿ ಕಾಲೇಜಿನಿಂದ ಬಂದು ಕೂತಿದ್ದ ಹೆಂಡತಿಯದ್ದೂ ನಿಂತುಹೋಯಿತು.

"ಈಗ ಇಬ್ಬರಿಗೂ ಸಮ ಆಯ್ತಲ್ಲ" ಅಂದಳು ಹೆಂಡತಿ.

ಕೋಟೆಯವರು ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು. ಎರಡು ನಿಮಿಷ ನೋಡಿ ನಕ್ಕರು. ಎರಡೂ ರೂಟರುಗಳು ಕಾರ್ಖಾನೆಯಿಂದ ಬರುವಾಗಲೇ ಒಂದೇ ನಂಬರಿನ ವಿಳಾಸ ಹೊತ್ತು ಬಂದಿದ್ದವು. "ಒಂದೇ ಬೀದಿಲಿ ಎಲ್ಡು ಮನೆಗೆ ಒಂದೇ ನಂಬ್ರು ಆಕುದ್ರೆ ಪೋಸ್ಟ್‌ನೋನು ಏನ್ ಮಾಡ್ಯಾನು ತಮ್ಮ?" ಅನ್ನುತ್ತ ಹಳೆಯದರ ನಂಬರ್ ಬದಲಾಯಿಸಿದರು. ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಕೆಲಸವನ್ನು ಹಳೆಯದರಿಂದ ಕಿತ್ತು ಹೊಸದೊಂದಕ್ಕೇ ಬಿಟ್ಟರು.

ಹಳೆಯ ಬೀಗ ಸಲೀಸಾಗಿ ಒಡೆಯುವಂಥದ್ದು, ಬೀದಿಯಲ್ಲಿ ಹೋಗುವವರು ಯಾರು ಬೇಕಾದರೂ ಒಳಗೆ ಬಂದಾರು ಅಂತ ನಾನು ಚೀಟಿಯಲ್ಲಿ ಬರೆದೆ. ಅವರು ಓದಿ, "ಅದ್ಕೂ ಮಾಡವ" ಅಂದು, ಅಕ್ಕನ ಕಾರ್ಡಿನ ಬೆನ್ನ ಮೇಲಿದ್ದ ನಂಬರನ್ನು ಹಳೆಯ ರೂಟರಿಗೆ ಬರೆದುಕೊಟ್ಟು, ಅದೊಂದಕ್ಕೆ ಮಾತ್ರ ದಾರಿ ಬಿಡುವಂತೆ ಮಾಡಿದರು. "ಕಳ್ರು ಬಂದೇ ಬರ್ತೀನಿ ಅಂದ್ರೆ ಇದ್ನೂ ದಾಟ್ತಾರೆ. ಆದ್ರೆ ಇವ್ಳ ಲಗ್ನಪತ್ರಿಕೆ ಕದ್ಕಂಡು ಯಾರ್ಗೇನಾಗ್ಬೇಕು?"

ಐದು ಗಂಟೆಯ ಹೊತ್ತಿಗೆ ಎರಡೂ ಲ್ಯಾಪ್‌ಟಾಪ್ ಓಡುತ್ತಿದ್ದವು. ಹೆಂಡತಿ ಎಲ್ಲರಿಗೂ ಕಾಫಿ ತಂದಳು. ಕೋಟೆಯವರ ಲೋಟವನ್ನು ಕೈಗೆ ಕೊಟ್ಟು, ಎದುರಿಗೆ ಬಂದು ನಿಂತು, ಬಾಯಿ ಅಗಲ ಮಾಡಿ ನಿಧಾನವಾಗಿ ಅಂದಳು: "ಅಕ್ಕಾ, ನಾಳೆ ಹೋಗ್ಬೇಡಿ. ಎರಡು ದಿನ ಇದ್ದು ಹೋಗಿ." ಅವರು ಮೊದಲ ಸಲಕ್ಕೇ ಅರ್ಥಮಾಡಿಕೊಂಡರು.

ಭಾನುವಾರ ಇಡೀ ದಿನ ಅವರಿಬ್ಬರೂ ಹಿತ್ತಲಲ್ಲೇ ಇದ್ದರು. ತುಟಿ ನೋಡಿ ತಿಳಿದುಕೊಳ್ಳುವುದರಲ್ಲಿ ಕೋಟೆಯವರು ಸೋತಾಗ ಅಕ್ಕ ಲ್ಯಾಪ್‌ಟಾಪಿನಲ್ಲಿ ಟಕಟಕ ಬರೆದು ಅವರ ಕಡೆ ತಿರುಗಿಸುತ್ತಿದ್ದಳು. ಅವರು ಓದಿ ಬಾಯಲ್ಲೇ ಉತ್ತರ ಕೊಡುತ್ತಿದ್ದರು. ಹಾಗಾಗಿ ನನಗೆ ಅಡುಗೆಮನೆಯ ಕಿಟಕಿಯಲ್ಲಿ ಕೇಳಿಸುತ್ತಿದ್ದದ್ದು ಅರ್ಧ ಮಾತುಕತೆ. "ಥೂ, ಅವ್ನಾ? ಅವ್ನ ಮೂತಿಗಿಷ್ಟು!" ಅಂತ ಕೋಟೆಯವರು ಜೋರಾಗಿ ಹೇಳುವುದು, ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕುರ್ಚಿ ಅಲ್ಲಾಡುವ ಹಾಗೆ ನಗುವುದು. ಯಾರ ಮೂತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಹಾಗೆ ನಗುತ್ತಾಳೆ ಅನ್ನುವುದೂ ಗೊತ್ತಿರಲಿಲ್ಲ. ಅವಳ ಜೊತೆ ಮೂವತ್ತು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿ ಇದ್ದವನು ನಾನು.

ಮಂಗಳವಾರ ಬೆಳಿಗ್ಗೆ ನಾನು ಸ್ಕೂಲಿಗೆ ಅರ್ಧ ದಿನ ರಜೆ ಬರೆದು ಕೋಟೆಯವರನ್ನು ಹುಣಸೂರಿನವರೆಗೆ ಬಿಟ್ಟುಬರಲು ಹೋದೆ. ಬೇಡವೆಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತು ಅವರು ಚೀಟಿ ಹರಿಯುತ್ತಿದ್ದ ಪುಟ್ಟ ಪುಸ್ತಕ ಇಸಕೊಂಡು, "ನಾನು ಅವಳಿಗೆ ಐದು ನಿಮಿಷ ಕೊಡಲಿಲ್ಲ" ಅಂತ ಬರೆದು ತೋರಿಸಿದೆ. ಬರೆಯುವಾಗ ಬಸ್ ಕುಲುಕಿ ಅಕ್ಷರ ಸೊಟ್ಟಗಾಯಿತು. ಅವರು ಓದಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೇಳಿದರು: "ನೀನು ಒಳ್ಳೆ ಮಗಾನೇ ಕಣಪ್ಪ. ಆದ್ರೆ ಅವ್ಳು ಕೇಳಾಗಂಟ ಕಾಯ್ಬ್ಯಾಡ. ನೀನೇ ಕೇಳು."

ಮುಂದಿನ ಸೀಟಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

ಆಮೇಲೆ ಎರಡು ವರ್ಷ ನಮ್ಮ ಗೂಡಿನಲ್ಲಿ ಆ ಎರಡು ರೂಟರುಗಳು ಒಟ್ಟಿಗಿದ್ದವು. ಮನೆಗೆ ಬಂದವರು ಯಾಕೆ ಎರಡು ಅಂತ ಕೇಳುತ್ತಿದ್ದರು. ಒಂದು ಅಕ್ಕನದು ಅನ್ನುತ್ತಿದ್ದೆ. ಸಂಜೆ ಸ್ಕೂಲಿನಿಂದ ಬಂದು ಕೈಕಾಲು ತೊಳೆದ ಮೇಲೆ ಹಿತ್ತಲಿಗೆ ಹೋಗಿ, ಕೋಟೆಯವರು ಏನಂದರು ಅಂತ ಕೇಳುವುದು ನನಗೆ ರೂಢಿಯಾಯಿತು. ಮೊದಮೊದಲು ಅಕ್ಕ "ಏನಿಲ್ಲ ಕಣೋ" ಅಂದು ಮುಗಿಸುತ್ತಿದ್ದಳು. ಬರಬರುತ್ತ ಒಂದೊಂದೇ ಹೇಳತೊಡಗಿದಳು.

ಕೋಟೆಯವರು ಬಂದುಹೋದ ಮಾರನೆಯ ವರ್ಷ ಬೇಸಿಗೆ ರಜದಲ್ಲಿ ಒಂದು ದಿನ ಅವಳೇ, "ನಾನೊಂದ್ಸಲ ಕೋಟೆಗೆ ಓಗ್ಬುಟ್ಟು ಬತ್ತೀನಿ" ಅಂದಳು. ಹಾಸ್ಟೆಲ್ ಬಿಟ್ಟು ಬಂದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಹೋಗಿ ರಾತ್ರಿ ಉಳಿದವಳಲ್ಲ. ನಾವು ಒಂದು ವ್ಯಾನ್ ಗೊತ್ತುಮಾಡಿದೆವು. ನಾನು ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಲ್ಯಾಪ್‌ಟಾಪನ್ನು ಅವಳು ಯಾರ ಕೈಗೂ ಕೊಡಲಿಲ್ಲ. ದಾರಿಯುದ್ದಕ್ಕೂ ಗಾಜು ಇಳಿಸಿ ಹೊಲಗಳನ್ನು ನೋಡುತ್ತ, ಇದು ಯಾವೂರು, ಅದು ಯಾವೂರು ಅಂತ ಕೇಳುತ್ತಿದ್ದಳು.

ನಾಲ್ಕು ದಿನಕ್ಕೆಂದು ಹೋದವಳು ಹದಿನೇಳು ದಿನ ಇದ್ದಳು. ಕೋಟೆಯವರ ಸೆಂಟರಿನಲ್ಲೇ ಒಂದು ಮೇಜು ಹಾಕಿಸಿಕೊಂಡು ಅಲ್ಲಿಯವರ ಕಾರ್ಡುಗಳನ್ನೂ ಮಾಡಿಕೊಟ್ಟಳಂತೆ. ಕರೆತರಲು ಹೋದಾಗ ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಳು. ಯಾರೋ ಗಿರಾಕಿಯ ಜೊತೆ ಮದುವಣಗಿತ್ತಿಯ ಹೆಸರಿನ ಒತ್ತಕ್ಷರದ ಬಗ್ಗೆ ವಾದ ಮಾಡುತ್ತಿದ್ದಳು. ನನ್ನನ್ನು ನೋಡಿ, "ಒಂದರ್ಧ ಗಂಟೆ ಕೂತ್ಕೊಳ್ಳೋ, ಇದೊಂದು ಮುಗಿಸ್ಬುಡ್ತೀನಿ" ಅಂದಳು.

ನಾನು ಬೆಂಚಿನ ಮೇಲೆ ಕೂತೆ. ಕೋಟೆಯವರು ಪಕ್ಕದ ಹೋಟೆಲಿನಿಂದ ನನಗೊಂದು ಟೀ ತರಿಸಿಕೊಟ್ಟರು.